ಮಾತ್ರೆಯ ಜೊತೆ ಹೇಳದೆ ಉಳಿದ ಮಾತು

ಶಿಕಾರಿಪುರದಲ್ಲಿ ನಮ್ಮದೊಂದು ಮೆಕ್ಕೆಜೋಳದ ಗೋದಾಮಿದೆ. ನಮ್ಮ ಮನೆ ಯಜಮಾನರು ಹಳ್ಳಿಗಳಿಗೆ ಹೋಗಿ ಮಾಲು ನೋಡಿ ಬರುತ್ತಾರೆ. ಗೋದಾಮಿನಲ್ಲಿ ಕೂತು ತೂಕ ಬರೆದುಕೊಳ್ಳುವುದು, ಲಾರಿ ಕಳಿಸುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ. ಅಷ್ಟೂ ವರ್ಷ ನಮ್ಮಲ್ಲಿ ಚೀಲ ಹೊತ್ತವನು ಸಣ್ಣಬೀರಪ್ಪ. ಆನವಟ್ಟಿ ಹತ್ತಿರದ ಹಳ್ಳಿಯವನು. ಬೆಳಿಗ್ಗೆ ಬೈಕಿನಲ್ಲಿ ಬಂದು ಸಂಜೆ ಊರಿಗೆ ಹೋಗುತ್ತಿದ್ದ.

ಅವನ ಕೆಲಸ ನೋಡಲು ಚೆಂದವಿತ್ತು. ಬಗ್ಗಿ, ಒಂದೇ ಎಳೆತಕ್ಕೆ ಚೀಲವನ್ನು ಬೆನ್ನಿಗೇರಿಸಿ, ಪೇರಿಸಿದ ಚೀಲಗಳ ಅಟ್ಟಿಯ ಹತ್ತಿರ ಹೋಗಿ, ಕಾಲು ಕದಲಿಸದೆ ಸೊಂಟವನ್ನಷ್ಟೇ ತಿರುಗಿಸಿ ಎಸೆಯುತ್ತಿದ್ದ. ಚೀಲ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಉಳಿದ ಹಮಾಲರು ಎರಡು ಹೆಜ್ಜೆ ಸುತ್ತಿ ನಿಧಾನಕ್ಕೆ ಇಳಿಸುವವರು. "ಸಣ್ಣಬೀರಪ್ಪನ್ನ ನೋಡಿ ಕಲೀರಿ" ಎಂದು ಅವರಿಗೆ ಹೇಳುತ್ತಿದ್ದವಳು ನಾನೇ.

ಹೋದ ವರ್ಷ ಶ್ರಾವಣದಲ್ಲಿ ನನಗೆ ಸೊಂಟನೋವು ಶುರುವಾಯಿತು. ಗಾದಿಯ ಮೇಲೆ ಚಕ್ಕಂಬಕ್ಕಲ ಹಾಕಿಕೊಂಡು, ಪುಸ್ತಕದ ಮೇಲೆ ಬಗ್ಗಿ, ಬೆಳಗಿನಿಂದ ಸಂಜೆಯವರೆಗೆ ಕೂತು ಕೂತು ಬಂದದ್ದು. ಯಜಮಾನರು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಸಮಾಧಾನದವರು. ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟು, ಬಹಳ ಹೊತ್ತು ಮಾತಾಡಿದರು.

"ಮಾತ್ರೆ ನೋವನ್ನ ಮರೆಸುತ್ತೆ ಅಷ್ಟೇ ಅಮ್ಮಾ. ನೋವು ತಂದದ್ದನ್ನ ನೀವೇ ಬಿಡಬೇಕು. ನೆಲದ ಮೇಲೆ ಕೂರೋದು ಬಿಟ್ಟು ಬೆನ್ನಿಗೆ ಆಸರೆ ಇರೋ ಕುರ್ಚಿ ಹಾಕಿಸ್ಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ದಿನಾ ನಡೀರಿ, ಹೊಟ್ಟೆ ಬೆನ್ನಿನ ಸ್ನಾಯು ಗಟ್ಟಿ ಆಗಬೇಕು. ಏನಾದರೂ ಎತ್ತಬೇಕಾದರೆ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಕೂತು, ಮೈಗೆ ಹತ್ತಿರ ಹಿಡಿದು ಎತ್ತಿ. ಭಾರ ಹಿಡಿದುಕೊಂಡು ಸೊಂಟ ತಿರುಗಿಸಲೇಬೇಡಿ, ಪಾದ ಎತ್ತಿಟ್ಟು ತಿರುಗಿ."

ಕೊನೆಗೆ ಒಂದು ಮಾತು ಸೇರಿಸಿದರು. "ನೋವು ಕಾಲಿಗೆ ಇಳಿದು ಜೋಮು ಹಿಡಿದರೆ ತಡಮಾಡದೆ ಬನ್ನಿ. ಕಾಲಲ್ಲಿ ಶಕ್ತಿ ಹೋದರೆ, ಕೂರೋ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಒಂದು ಗಂಟೆಯೂ ಕಾಯಬೇಡಿ."

ಅದೆಲ್ಲವನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿಟ್ಟಿದ್ದರು, ನನಗೂ ಒಂದು ಕೊಟ್ಟರು. ನಾನು ಕುರ್ಚಿ ಹಾಕಿಸಿಕೊಂಡೆ, ನಡೆಯತೊಡಗಿದೆ, ತಿಂಗಳೊಳಗೆ ಆರಾಮಾದೆ.

ಕಾರ್ತಿಕದಲ್ಲಿ ಮೆಕ್ಕೆಜೋಳದ ಸುಗ್ಗಿ. ಮೋಡ ಕವಿದಿತ್ತು, ಮಳೆ ಬಿದ್ದರೆ ಮಾಲು ಮುಗ್ಗಲಾಗುತ್ತದೆಂದು ಎಲ್ಲರಿಗೂ ಅವಸರ. ಅಂಗಳದಲ್ಲಿ ಲಾರಿಗಳು ನಿಂತಿದ್ದವು. ಒಂದು ಬೆಳಿಗ್ಗೆ ಸಣ್ಣಬೀರಪ್ಪ ಸೊಂಟ ಹಿಡಿದುಕೊಂಡು ಬಂದ.

"ಅಮ್ಮಾರೆ, ಸೊಂಟ ಭಾಳ ಹಿಡ್ಕಂಡೈತ್ರಿ. ಒಂದೆರಡು ದಿನ ಬಿಟ್ಟು ಬರ್ಲೇನ್ರಿ?"

ನನಗೆ ನಿಜವಾಗಿಯೂ ಮರುಕವಾಯಿತು. ಚಹಾ ತರಿಸಿ ಕೊಟ್ಟೆ. ನನ್ನ ಕೈಚೀಲದಲ್ಲಿ ಉಳಿದಿದ್ದ ಮಾತ್ರೆ ತೆಗೆದು, "ದೊಡ್ಡ ಡಾಕ್ಟರ್ ಬರೆದದ್ದು, ನನಗೆ ಇದರಿಂದಲೇ ವಾಸಿಯಾಯ್ತು. ಏನಾದ್ರೂ ತಿಂದು ನುಂಗು. ಇದೊಂದು ವಾರ ತಡ್ಕೋ ಬೀರಪ್ಪ, ನೀನಿಲ್ದಿದ್ರೆ ಲಾರಿ ಹೊರಡಲ್ಲ" ಎಂದೆ.

ಅವನಿಗೆ ಸಂಕೋಚವಾಯಿತು. ನುಂಗಿದ. ಮಧ್ಯಾಹ್ನದ ಹೊತ್ತಿಗೆ ಎಂದಿನಂತೆಯೇ ಸೊಂಟ ತಿರುಗಿಸಿ ಚೀಲ ಎಸೆಯುತ್ತಿದ್ದ. ನಾನು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದೆ. ಡಾಕ್ಟರರ ಹಾಳೆ ನನ್ನ ಮುಂದಿನ ಮೇಜಿನ ಖಾನೆಯಲ್ಲಿತ್ತು.

ಒಂದು ವಾರ ಮೂರು ವಾರವಾಯಿತು. ಮಾತ್ರೆ ಮುಗಿದಾಗ ಅದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ತರಿಸಿದೆ. ದಿನಾ ಬೆಳಿಗ್ಗೆ ನಾನೇ ಕೈಗೆ ಹಾಕುತ್ತಿದ್ದೆ. "ಅಮ್ಮಾರು ತಾಯಿ ಇದ್ದಂಗೆ" ಎಂದು ಅವನು ಇನ್ನೊಬ್ಬ ಹಮಾಲ ಕೆಂಪಪ್ಪನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹಿಗ್ಗಿದೆ.

ಒಂದು ಗುರುವಾರ ಅವನು ಚೀಲದ ಮೇಲೆ ಕೂತು ಎಡಗಾಲನ್ನು ತಿಕ್ಕಿಕೊಳ್ಳುತ್ತಿದ್ದ.

"ಯಾಕೋ ಕಾಲು ಜುಮ್ಮುಜುಮ್ಮು ಅಂತೈತ್ರಿ ಅಮ್ಮಾರೆ. ಚಪ್ಪಲಿ ಕಳಚಿದ್ರೂ ಗೊತ್ತಾಗಂಗಿಲ್ಲ."

ಆ ಕ್ಷಣ ನನಗೆ ಡಾಕ್ಟರರ ಮಾತು ನೆನಪಾಯಿತು. ನೆನಪಾಗಲಿಲ್ಲವೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ಆದರೆ ನೆನಪಾಗಿತ್ತು. ಹೊರಗೆ ಎರಡು ಲಾರಿ ಕಾಯುತ್ತಿದ್ದವು. "ಚಳಿಗಿರಬೇಕು, ಎಣ್ಣೆ ಹಚ್ಕೋ" ಎಂದೆ.

ಶನಿವಾರ ಚೀಲ ಎಸೆಯುವಾಗ ಅವನು ಕುಸಿದ. ಕಿರುಚಲಿಲ್ಲ. ಅಟ್ಟಿಗೆ ಕೈಕೊಟ್ಟು ನಿಧಾನವಾಗಿ ಜಾರಿ ಕೂತ. ಎಬ್ಬಿಸಿದರೆ ಎಡಗಾಲು ಊರಲಿಲ್ಲ. ಕೆಂಪಪ್ಪ, "ದವಾಖಾನಿಗೆ ಹೋಗೋಣ್ರೀ" ಎಂದ. "ಉಳುಕಿರುತ್ತೆ, ಮನೇಲಿ ಮಲಗಿದ್ರೆ ಸರಿಹೋಗುತ್ತೆ" ಎಂದು ನಾನು ಉಳಿದ ಮಾತ್ರೆಗಳನ್ನೂ ಕೈಗಿಟ್ಟು, ಬಾಡಿಗೆಗೆ ಓಮ್ನಿ ವ್ಯಾನು ಮಾಡಿಸಿ ಆನವಟ್ಟಿ ಕಡೆಗೆ ಕಳಿಸಿಕೊಟ್ಟೆ. ಮೂವತ್ತಕ್ಕೂ ಹೆಚ್ಚು ಕಿಲೋಮೀಟರು, ಗುಂಡಿಬಿದ್ದ ರಸ್ತೆ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ದುರ್ಗಮ್ಮನ ಫೋನು. "ನಿನ್ನೆಯಿಂದ ಒಂದಕ್ಕೂ ಹೋಗಿಲ್ರೀ ಅಮ್ಮ. ಕುಂಡಿ ಮುಟ್ಟಿದ್ರೂ ಗೊತ್ತಾಗ್ವಲ್ದಂತೆ." ಫೋನು ಇಟ್ಟ ಕೂಡಲೇ ಯಜಮಾನರನ್ನು ಕರೆದುಕೊಂಡು ಕಾರಿನಲ್ಲಿ ಹೊರಟೆ. ಅವನನ್ನು ಹತ್ತಿಸಿಕೊಂಡು ಶಿವಮೊಗ್ಗ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ.

ಆಸ್ಪತ್ರೆಯಲ್ಲಿದ್ದವರು ಬೇರೆ ಡಾಕ್ಟರು, ಚಿಕ್ಕ ವಯಸ್ಸಿನವರು. ಡಿಸ್ಕ್ ಜಾರಿ ನರಗಳನ್ನು ಒತ್ತಿಬಿಟ್ಟಿದೆ, ಈಗಲೇ ಆಪರೇಷನ್ ಆಗಬೇಕು ಎಂದರು. ಯಾವ ಔಷಧಿ ತಗೊಂಡಿದ್ದಾರೆ ಎಂದು ಕೇಳಿದಾಗ ದುರ್ಗಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಸ್ಟ್ರಿಪ್ಪು ಕೊಟ್ಟಳು.

"ಇದನ್ನ ಯಾರು ಬರೆದುಕೊಟ್ಟರು?"

"ನಮ್ಮ ಅಮ್ಮಾರು ಕೊಟ್ಟಿದ್ದು" ಎಂದಳು ಅವಳು ಕೃತಜ್ಞತೆಯಿಂದಲೇ.

ಡಾಕ್ಟರು ನನ್ನ ಕಡೆ ತಿರುಗಿದರು. "ನನಗೆ ಬರೆದದ್ದು" ಎಂದೆ.

"ಮೂರು ವಾರ ನೋವು ಗೊತ್ತಾಗದ ಹಾಗೆ ಮಾಡಿ ಭಾರ ಹೊರಿಸಿದ್ದೀರಿ. ಕಾಲು ಜೋಮು ಹಿಡಿದಾಗಲೇ ಬರಬೇಕಿತ್ತು. ನಿಮಗೆ ಮಾತ್ರೆ ಕೊಟ್ಟವರು ಇದನ್ನ ಹೇಳಿರಲಿಲ್ವಾ?"

ದುರ್ಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ" ಎಂದೆ.

ಆಪರೇಷನ್ ಆಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಮೂತ್ರದ ತೊಂದರೆ ಎರಡು ತಿಂಗಳಲ್ಲಿ ಹತೋಟಿಗೆ ಬಂತು. ಎಡಪಾದ ಮಾತ್ರ ಮೇಲೇಳಲಿಲ್ಲ; ನಡೆದರೆ ನೆಲಕ್ಕೆ ಉಜ್ಜುತ್ತದೆ. ಖರ್ಚೆಲ್ಲ ನಾವೇ ನೋಡಿಕೊಂಡೆವು. ಬಂದುಹೋದವರೆಲ್ಲ, "ಈ ಕಾಲದಲ್ಲಿ ಹಮಾಲರಿಗೆ ಯಾರು ಇಷ್ಟು ಮಾಡ್ತಾರೆ" ಎಂದರು. ಆ ಮಾತು ಕೇಳಿದಾಗಲೆಲ್ಲ ಆ "ಇಲ್ಲ" ಎಂದದ್ದು ನೆನಪಾಗುತ್ತಿತ್ತು.

ಗೋದಾಮಿನಲ್ಲಿ ಬದಲಾವಣೆ ಮಾಡಿದೆ. ಚೀಲದ ತೂಕ ಇಳಿಸಿದೆ. ಕೈಗಾಡಿ ತರಿಸಿದೆ. ಎದೆಯ ಮಟ್ಟಕ್ಕಿಂತ ಮೇಲೆ ಅಟ್ಟಿ ಹಾಕುವಾಗ ಇಬ್ಬರು ಹಿಡಿಯಬೇಕೆಂದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕೆಂಪಪ್ಪನಿಗೆ ಮಂಡಿ ಮಡಚಿ ಎತ್ತುವುದನ್ನು, ಪಾದ ಎತ್ತಿಟ್ಟು ತಿರುಗುವುದನ್ನು ಹೇಳಿಕೊಟ್ಟೆ. ಅವನು ಕೇಳಿಸಿಕೊಂಡು, "ಇದೆಲ್ಲ ಎಲ್ಲಿ ಕಲಿತ್ರೀ ಅಮ್ಮಾರೆ?" ಎಂದ.

"ಶ್ರಾವಣದಲ್ಲಿ ಡಾಕ್ಟರ್ ಹೇಳಿದ್ದು" ಎಂದುಬಿಟ್ಟೆ.

ಕೆಂಪಪ್ಪ ಕೈಗಾಡಿ ತಳ್ಳಿಕೊಂಡು ಹೋದ. ಅವನು ಮನಸ್ಸಿನಲ್ಲಿ ಶ್ರಾವಣದಿಂದ ಕಾರ್ತಿಕದವರೆಗೆ ತಿಂಗಳು ಲೆಕ್ಕ ಹಾಕುತ್ತಿದ್ದಾನೆಂದು ನನಗೆ ಗೊತ್ತಾಯಿತು. ಇನ್ನೊಬ್ಬರ ಬಾಯಿಂದ ಸಣ್ಣಬೀರಪ್ಪನಿಗೂ ದುರ್ಗಮ್ಮನಿಗೂ ತಿಳಿಯುವುದು ಬೇಡವೆಂದು ಮರುದಿನವೇ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಯಜಮಾನರಿಗೂ ಹೇಳಲಿಲ್ಲ.

ಸಣ್ಣಬೀರಪ್ಪ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ. ದುರ್ಗಮ್ಮ ಮಜ್ಜಿಗೆ ತಂದಳು. ನಾನು ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಡಾಕ್ಟರರ ಹಾಳೆ, ಗುರುವಾರದ ಮಾತು, ನೆನಪಾಗಿಯೂ ಹೇಳದೆ ಹೋದದ್ದು, ಆಸ್ಪತ್ರೆಯಲ್ಲಿ ಆಡಿದ ಸುಳ್ಳು.

ದುರ್ಗಮ್ಮ ಮೊದಲು ಮಾತಾಡಿದಳು. ದನಿ ಏರಲಿಲ್ಲ. "ಅವತ್ತು ಶುಕ್ರವಾರ ಬೆಳಿಗ್ಗೆ ಇವ್ರು ಹೋಗಾಕೆ ಒಲ್ಲೆ ಅಂದ್ರು. 'ಅಮ್ಮಾರು ಅಷ್ಟು ಕಾಳಜಿ ಮಾಡ್ತಾರೆ, ಈಗ ಕೈ ಬಿಡಬ್ಯಾಡ್ರಿ' ಅಂತ ನಾನೇ ಕಳಿಸ್ದೆ." ಇಷ್ಟು ಹೇಳಿ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಸಣ್ಣಬೀರಪ್ಪ ತನ್ನ ಎಡಪಾದವನ್ನು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡ.

"ನೀವು ಹೇಳಿದ್ರೂ ನಾ ಕೇಳ್ತಿದ್ನೋ ಇಲ್ವೋ, ಗೊತ್ತಿಲ್ರಿ ಅಮ್ಮಾರೆ. ನನಗೂ ನನ್ನ ಸೊಂಟದ ಮ್ಯಾಲೆ ಸೊಕ್ಕಿತ್ತು. ಆದ್ರೂ ಹೇಳ್ಬೇಕಿತ್ತು ನೀವು."

"ಹೌದು" ಎಂದೆ.

ಗೋದಾಮಿನಲ್ಲಿ ಕೂತು ತೂಕ ಬರೆದುಕೊಳ್ಳುವ ಕೆಲಸಕ್ಕೆ ಬಾ ಎಂದು ಕರೆದೆ. ಒಲ್ಲೆನೆಂದು ತಲೆಯಾಡಿಸಿದ. ಊರಲ್ಲೇ ಏನಾದರೂ ನೋಡಿಕೊಳ್ಳುತ್ತೇನೆ ಎಂದ. ನಾನು ಒತ್ತಾಯ ಮಾಡಲಿಲ್ಲ.

ಹೊರಟಾಗ ಅವನು ಏಳಲು ಹೋದ. ಬೇಡ ಎಂದರೂ ಕೇಳಲಿಲ್ಲ. ಕೋಲು ಊರಿ ಎದ್ದು, ಪಾದ ಎಳೆದುಕೊಂಡು ಅಂಗಳದ ಗೇಟಿನವರೆಗೆ ಬಂದ. "ಬಸ್ಸು ಇನ್ನೇನು ಬರ್ತೈತ್ರಿ, ನಡೀರಿ" ಎಂದ. ಅಷ್ಟು ದೂರ ನಡೆಯಲು ಅವನಿಗೆ ಎಷ್ಟು ಹೊತ್ತು ಬೇಕಾಯಿತೋ, ಅಷ್ಟು ಹೊತ್ತೂ ನಾನು ತಲೆ ತಗ್ಗಿಸಿಕೊಂಡು ಅವನ ಪಕ್ಕದಲ್ಲಿ ನಡೆದೆ.