ಹನ್ನೊಂದು ಫೋನು, ಒಂದು ಎಚ್ಚರಿಕೆ

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ಹೊಲಿಗೆ ಘಟಕದ ಕಪಾಟಿನ ಮೇಲಿದ್ದ ತಗಡಿನ ಡಬ್ಬಿಯೊಳಗೆ ಒಂದು ಫೋನಿನ ಪರದೆಯ ಮೇಲೆ ಅಕ್ಷರ ಮೂಡಿತು: 'ಸಕ್ಕರೆ 52. ತುರ್ತು.' ಫೋನು ಸದ್ದು ಮಾಡಲಿಲ್ಲ. ಡಬ್ಬಿಗೆ ಮುಚ್ಚಳ ಹಾಕಿತ್ತು. ಯಾರೂ ನೋಡಲಿಲ್ಲ.

ಆ ಫೋನು ಎರಡನೇ ಸಾಲಿನ ಕೊನೆಯ ಯಂತ್ರದ ಮುಂದೆ ಕೂತು ಸೋಫಾ ಕವರಿಗೆ ಜಿಪ್ ಕೂರಿಸುತ್ತಿದ್ದ ಹೆಂಗಸಿನದು. ಅವಳ ಮಗಳಿಗೆ ಹದಿಮೂರು ವರ್ಷ. ಮಗಳ ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ, ದಿನವೂ ಚುಚ್ಚಿಕೊಳ್ಳಬೇಕು. ತಿಂದದ್ದು, ಆಡಿದ್ದು, ಚುಚ್ಚಿಕೊಂಡದ್ದು ಒಂದಕ್ಕೊಂದು ಹೊಂದದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. 70ಕ್ಕಿಂತ ಕೆಳಗಿಳಿದರೆ ತಕ್ಷಣ ಸಿಹಿ ಬೇಕು. ಮಗಳ ತೋಳಿನ ಮೇಲೆ ನಾಣ್ಯದಷ್ಟು ದೊಡ್ಡ ಸೆನ್ಸರ್ ಇದೆ. ಅದು ಅಳೆದದ್ದನ್ನು ಅವಳ ಫೋನಿಗೆ ಹೇಳುತ್ತದೆ, ಅವಳ ಫೋನು ಇಂಟರ್ನೆಟ್ ಮೂಲಕ ಅಮ್ಮನ ಫೋನಿಗೆ ಹೇಳುತ್ತದೆ. ಅಂದು ಆಟದ ಪೀರಿಯಡ್. ಮಗಳ ಬ್ಯಾಗು ಮೈದಾನದ ಅಂಚಿನ ಬೆಂಚಿನ ಮೇಲಿತ್ತು. ಗಲಾಟೆಯಲ್ಲಿ ಬ್ಯಾಗಿನೊಳಗಿನ ಸದ್ದು ಅವಳಿಗೆ ಕೇಳಿಸಲಿಲ್ಲ. ಉಳಿದದ್ದು ಅಮ್ಮನ ಫೋನು. ಅದು ಡಬ್ಬಿಯಲ್ಲಿತ್ತು.

ಡಬ್ಬಿಗೂ ಒಂದು ಕಾರಣವಿತ್ತು. ಘಟಕದ ಹನ್ನೊಂದು ಹೆಂಗಸರೂ ಸ್ವಸಹಾಯ ಗುಂಪಿನಿಂದ ಒಟ್ಟಿಗೆ ಫೋನು ಕೊಂಡಿದ್ದರು. ಎಲ್ಲ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಟಿಂಗ್. ಒಂದು ಫೋನು ಟಿಂಗ್ ಎಂದರೆ ಹನ್ನೊಂದು ಕೈ ಯಂತ್ರ ಬಿಟ್ಟು ಸೊಂಟಕ್ಕೆ ಹೋಗುತ್ತಿತ್ತು. ಕಳೆದ ವರ್ಷ ಹಾಗೆ ತಿರುಗಿ ನೋಡಿದ ಒಬ್ಬಳ ತೋರುಬೆರಳಿಗೆ ಸೂಜಿ ಇಳಿಯಿತು. ಮೂರು ಹೊಲಿಗೆ ಬಿತ್ತು, ಬಟ್ಟೆಗಲ್ಲ.

ಅಂದೇ ಕಟಿಂಗ್ ಮಾಸ್ತರರು ಡಬ್ಬಿ ತಂದರು. ಎಲ್ಲರ ಫೋನನ್ನೂ ತಾವೇ ಇಸಿದುಕೊಂಡು 'ಅಡಚಣೆ ಮಾಡಬೇಡಿ' ಎಂಬುದನ್ನು ಒತ್ತಿದರು. ಅದರಲ್ಲಿ ಇಂಥವರ ಕರೆ ಬರಲಿ, ಎರಡು ಸಲ ಮಾಡಿದವರ ಕರೆ ಬರಲಿ ಎಂಬ ವಿನಾಯಿತಿಗಳಿದ್ದವು. ಅವನ್ನೂ ಒಂದೊಂದಾಗಿ ತೆಗೆದರು. ಮಾಸ್ತರರು ಎತ್ತರದ ಆಳು, ಬಗ್ಗುವ ಪೈಕಿಯೂ ಅಲ್ಲ. ಘಟಕದಲ್ಲಿ ಅವರಿಗೆ ಗಜಕಡ್ಡಿ ಎಂದೇ ಹೆಸರು. ಜಿಪ್ ಕೂರಿಸುತ್ತಿದ್ದ ಹೆಂಗಸಿಗೆ ಅವರು ಸ್ವಂತ ಅಕ್ಕನ ಗಂಡ.

ಒಂದು ಗಂಟೆಗೆ ಊಟದ ಬಿಡುವಿನಲ್ಲಿ ಡಬ್ಬಿ ತೆರೆದಾಗ ಅವಳ ಪರದೆಯ ಮೇಲೆ ಮೊದಲು ಕಂಡದ್ದು ಚಪ್ಪಲಿಯ ಮೇಲೆ ಶೇಕಡ 60 ರಿಯಾಯಿತಿ. ಅದರ ಕೆಳಗೆ ಯಾರೋ ಕಳಿಸಿದ ಹೂವಿನ ಚಿತ್ರ. ಅದರ ಕೆಳಗೆ ಶಾಲೆಯಿಂದ ತಪ್ಪಿಹೋದ ಮೂರು ಕರೆ. ಎಲ್ಲಕ್ಕಿಂತ ಕೆಳಗೆ 11.17ರ ಎಚ್ಚರಿಕೆ. ಅವಳು ಊಟದ ಡಬ್ಬಿ ಮುಟ್ಟದೆ ಓಡಿದಳು.

ಮಗಳು ಶಿಕ್ಷಕರ ಕೋಣೆಯ ಬೆಂಚಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಪಕ್ಕದಲ್ಲಿ ಶಾಲೆಯ ಆಯಾ. ಗಂಟೆ ಬಾರಿಸುವವರೂ ಅವರೇ, ಹಾಗಾಗಿ ಮಕ್ಕಳ ಬಾಯಲ್ಲಿ ಗಂಟೆಯಮ್ಮ.

"ಅಳಬೇಡಮ್ಮ, ಅವಳು ಸರಿಯಾಗಿದ್ದಾಳೆ. ನೋಡು, ಆಗಲೇ ನನ್ನನ್ನ ರೇಗಿಸ್ತಿದ್ದಾಳೆ" ಎಂದರು ಗಂಟೆಯಮ್ಮ.

"ನಿಮಗೆ ಹೇಗೆ ಗೊತ್ತಾಯ್ತು?"

"ಬೆವರ್ತಾ ಬಂದು ನನ್ನ ಎದುರು ನಿಂತು 'ಮಿಸ್' ಅಂದ್ಲು. ಹದಿನಾಲ್ಕು ವರ್ಷದಿಂದ ಇಲ್ಲಿ ಕಸ ಗುಡಿಸ್ತಿದ್ದೀನಿ, ಒಬ್ಬರೂ ನನ್ನ ಮಿಸ್ ಅಂದಿಲ್ಲ. ಮಗೂಗೆ ತಲೆ ಸರಿಯಿಲ್ಲ ಅಂತ ಅಲ್ಲೇ ತಿಳೀತು!"

ಅವರು ಮಗುವನ್ನು ಕೂರಿಸಿ, ಎಚ್ಚರವಿದೆ, ನುಂಗಬಲ್ಲಳು ಎಂದು ನೋಡಿಕೊಂಡು, ನೀರಿನಲ್ಲಿ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದ್ದರು. ಹದಿನೈದು ನಿಮಿಷ ಬಿಟ್ಟು ಅವಳ ಫೋನಿನಲ್ಲಿ ಸಕ್ಕರೆ ನೋಡಿಸಿದ್ದರು. ಆಗ 81.

"ನಿಮ್ಮ ಋಣ ಹೇಗೆ ತೀರಿಸಲಿ ಅಮ್ಮಾ?"

"ನನ್ನದೇನಿದೆ? ಶಾಲೆ ಶುರುವಾದ ದಿನ ನೀನೇ ಬಂದು ಹೇಳಿಕೊಟ್ಟಿದ್ದೆಯಲ್ಲ, ಮೊದಲು ಸಕ್ಕರೆ, ಆಮೇಲೆ ಮಾತು ಅಂತ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೀರಿ ಅಂತಾನೂ ಹೇಳಿದ್ದೆ. ಹೇಳಿಕೊಟ್ಟವಳು ನೀನು, ಮಾಡಿದವಳು ನಾನು. ಸರಿಹೋಯ್ತು."

ಅಂದು ಸಂಜೆ ಮಾಸ್ತರರು ನಾದಿನಿಯ ಮನೆಗೆ ಬಂದರು. ಬಾಗಿಲಲ್ಲೇ ನಿಂತರು. ಒಳಗೆ ಪಾಠ ಬರೆಯುತ್ತಿದ್ದ ಹುಡುಗಿಯನ್ನು ಬಹಳ ಹೊತ್ತು ನೋಡಿದರು.

"ಏನು ದೊಡ್ಡಪ್ಪ, ಅಳತೆ ತಗೊಳ್ತಿದ್ದೀರಾ?" ಎಂದಳು ಹುಡುಗಿ.

ಅವರು ನಗಲಿಲ್ಲ. ಅವಳ ಅಮ್ಮ ಹೇಳಿದಳು, "ಭಾವ, ನಾಳೆಯಿಂದ ನನ್ನ ಫೋನು ಡಬ್ಬಿಗೆ ಹಾಕಲ್ಲ. ಬೇಡ ಅಂದ್ರೆ ಕೆಲಸಾನೇ ಬಿಡ್ತೀನಿ."

"ಬೆರಳು ಹೋದ್ರೆ?"

"ಮಗಳು ಹೋದ್ರೆ?"

ಅವರು ಬಾಗಿಲಿನಿಂದಲೇ ಹಿಂದಿರುಗಿದರು. ಮರುದಿನ ಅವಳ ಫೋನು ಪೂರ್ತಿ ಸದ್ದಿನೊಂದಿಗೆ ಯಂತ್ರದ ಪಕ್ಕದಲ್ಲಿ ಕೂತಿತು. ಮಧ್ಯಾಹ್ನದೊಳಗೆ ನಲವತ್ತೊಂದು ಸಲ ಟಿಂಗ್ ಎಂದಿತು. ಪ್ರತಿ ಸಲವೂ ಅವಳು ಯಂತ್ರ ನಿಲ್ಲಿಸಿ ನೋಡಿದಳು. ಪ್ರತಿ ಸಲವೂ ಚಪ್ಪಲಿ, ವಿಡಿಯೊ, ಲಾಟರಿ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅವಳು ತಲೆ ಎತ್ತುವುದನ್ನೇ ನಿಲ್ಲಿಸಿದ್ದಳು. ಮೂರು ಗಂಟೆಗೆ ಮಗಳೇ ಕರೆ ಮಾಡಿ, "ಅಮ್ಮಾ, 68 ಇತ್ತು, ನಾನೇ ಸಿಹಿ ತಿಂದೆ. ನಿಂಗೆ ಬರ್ಲಿಲ್ವಾ?" ಎಂದಳು.

ಬಂದಿತ್ತು. ಒಂದು ಮೊಳ ದೂರದಲ್ಲೇ ಸದ್ದು ಮಾಡಿತ್ತು. ಅವಳು ಚಪ್ಪಲಿ ಇರಬೇಕು ಎಂದುಕೊಂಡಿದ್ದಳು.

ಶನಿವಾರ ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿಗೆ ಹೊರಟಾಗ ಮಾಸ್ತರರೂ ಜೊತೆಗೆ ಹೊರಟರು. "ಅಲ್ಲಿನ ನರ್ಸಮ್ಮ ಏನು ಹೇಳ್ತಾರೋ ಕೇಳ್ತೀನಿ. ನನಗಂತೂ ಈ ಫೋನಿನ ಮೇಲೆ ನಂಬಿಕೆ ಇಲ್ಲ" ಎಂದು ದಾರಿಯಲ್ಲೇ ಹೇಳಿದರು.

ನರ್ಸ್ ಫೋನು ಕೈಗೆ ತೆಗೆದುಕೊಂಡು ಮೊದಲು ಮಾಡಿದ ಕೆಲಸ ಎಣಿಕೆ. ದಿನಕ್ಕೆ ಎಷ್ಟು ಅಧಿಸೂಚನೆ ಬಂದವು ಎಂಬುದನ್ನು ಬಹಳಷ್ಟು ಫೋನುಗಳು ಸೆಟ್ಟಿಂಗ್‌ನಲ್ಲೇ ತೋರಿಸುತ್ತವೆ. ಹಿಂದಿನ ದಿನ 163. ಸೆನ್ಸರಿನಿಂದ ನಾಲ್ಕು. ಮನುಷ್ಯರು ಕಳಿಸಿದ್ದು ಇಪ್ಪತ್ತೆರಡು. ಉಳಿದ 137 ಅಂಗಡಿ, ವಿಡಿಯೊ, ಆಟ.

ಮಾಸ್ತರರು ಕನ್ನಡಕ ಏರಿಸಿ ಒಂದನ್ನು ಓದಿದರು. "'ನಿಮ್ಮ ಕೋಳಿಗಳು ಹಸಿದಿವೆ.' ಯಾವ ಕೋಳಿ?"

"ಆಟದ್ದು ಭಾವ. ಮಗಳು ಹಾಕಿಕೊಂಡಿದ್ಲು."

"ಇಲ್ಲದ ಕೋಳಿಗೆ ಹಸಿವಾದ್ರೂ ಟಿಂಗ್, ಇರೋ ಮಗಳು ಬಿದ್ದರೂ ಟಿಂಗ್. ಚೆನ್ನಾಗಿದೆ ನ್ಯಾಯ!"

"ಅದೇ ನೋಡಿ ತೊಂದರೆ" ಎಂದರು ನರ್ಸ್. "ನೀವು ಎಲ್ಲ ಮುಚ್ಚಿದ್ರಿ, ಎಚ್ಚರಿಕೆಯೂ ಮುಚ್ಚಿಹೋಯ್ತು. ಇವರು ಎಲ್ಲ ತೆರೆದ್ರು, ಎಚ್ಚರಿಕೆ ಸಂತೆಯಲ್ಲಿ ಕಳೆದುಹೋಯ್ತು. ಇಬ್ಬರದೂ ತಪ್ಪಲ್ಲ. ಯಾವುದಕ್ಕೆ ಬಾಗಿಲು, ಯಾವುದಕ್ಕೆ ಇಲ್ಲ ಅಂತ ಫೋನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ."

ಅವರು ಚಪ್ಪಲಿ ಅಂಗಡಿಯ ಸೂಚನೆಯ ಮೇಲೆ ಬೆರಳನ್ನು ಹಾಗೇ ಒತ್ತಿ ಹಿಡಿದರು. ನಿಲ್ಲಿಸುವ ಆಯ್ಕೆ ಬಂತು. ಒತ್ತಿದರು. ಕೋಳಿಗೂ ಅದೇ ಗತಿಯಾಯಿತು. ಒಂದೊಂದಕ್ಕೂ ಅರ್ಧ ನಿಮಿಷ ಹಿಡಿಯಿತು. ಆಮೇಲೆ ಸೆನ್ಸರ್ ಆ್ಯಪ್ ತೆರೆದು ಕೇಳಿದರು, "ಇದನ್ನ ಹಾಕಿದ ದಿನ, 'ಅಡಚಣೆ ಮಾಡಬೇಡಿ' ಇದ್ದಾಗಲೂ ಸದ್ದು ಮಾಡಲಾ ಅಂತ ಕೇಳಿತ್ತು. ನೀವು ಏನು ಒತ್ತಿದ್ರಿ?"

"ಬೇಡ ಅಂತ. ಅವತ್ತು ಏನೇನೋ ಕೇಳ್ತಾ ಇತ್ತು. ಫೋಟೊ ನೋಡಲಾ, ಜಾಗ ತಿಳ್ಕೊಳ್ಳಲಾ, ಅದೂ ಇದೂ. ಏನು ಕೇಳಿದ್ರೂ ಬೇಡ ಅನ್ನು ಅಂತ ಭಾವನೇ ಹೇಳಿಕೊಟ್ಟಿದ್ರು."

ಮಾಸ್ತರರು ಗೋಡೆಯ ಕಡೆ ನೋಡಿದರು.

ನರ್ಸ್ ಆ ಅನುಮತಿ ಕೊಟ್ಟರು. ಮಗಳ ಮತ್ತು ಶಾಲೆಯ ಸಂಖ್ಯೆಗೆ ನಕ್ಷತ್ರ ಗುರುತು ಹಾಕಿ ವಿನಾಯಿತಿಗೆ ಸೇರಿಸಿದರು. ಬಳಿಕ 'ಅಡಚಣೆ ಮಾಡಬೇಡಿ' ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು. "ಈಗ ಪರೀಕ್ಷೆ ಮಾಡಿ."

ಹೊರಗೆ ಕೂತಿದ್ದ ಮಗಳು ಕರೆ ಮಾಡಿದಳು. ಫೋನು ರಿಂಗಾಯಿತು. ಸೆನ್ಸರ್ ಆ್ಯಪಿನ ತುರ್ತು ಸದ್ದನ್ನು ಹಾಕಿ ನೋಡಿದರು, ಅದೂ ಕೇಳಿಸಿತು. ಮಾಸ್ತರರು ತಮ್ಮ ಫೋನಿನಿಂದ ಕರೆ ಮಾಡಿದರು. ಸದ್ದಿಲ್ಲ.

"ಅಂದ್ರೆ ನಾನು ಲೆಕ್ಕಕ್ಕಿಲ್ಲ?"

"ನಿಮಗ್ಯಾಕೆ ಫೋನು ಭಾವ? ನೀವು ಕಟಿಂಗ್ ಮೇಜಿನಿಂದ ಕೂಗಿದ್ರೆ ಮೂರು ಬೀದಿಗೆ ಕೇಳುತ್ತೆ."

ಮಾಸ್ತರರು ಈ ಸಲ ನಕ್ಕರು. ಆದರೂ ಬಿಡಲಿಲ್ಲ. "ಇಷ್ಟೆಲ್ಲ ನಾವೇ ಮಾಡ್ಕೋಬೇಕಾ ನರ್ಸಮ್ಮ? ಫೋನು ಮಾಡಿದವರಿಗೆ ಗೊತ್ತಾಗಲ್ವಾ?"

"ಸ್ವಲ್ಪ ಗೊತ್ತಾಗಿದೆ. ಈಗಿನ ಹೊಸ ಫೋನುಗಳಲ್ಲಿ ಆ್ಯಪು ಸೂಚನೆ ಕಳಿಸೋಕೆ ಮೊದಲು ನಿಮ್ಮ ಒಪ್ಪಿಗೆ ಕೇಳಬೇಕು. ಹಳೆಯವುಗಳಲ್ಲಿ ಕೇಳದೇ ನುಗ್ತಿತ್ತು. ಆದ್ರೆ ಇಷ್ಟೇ ಸಾಲದು. ಫೋನನ್ನ ನಡೆಸೋ ವ್ಯವಸ್ಥೆ ಇದೆಯಲ್ಲ, ಆಪರೇಟಿಂಗ್ ಸಿಸ್ಟಮ್ ಅಂತಾರೆ, ಅದು ಬಾಗಿಲು ಕಾಯೋನ ಥರ. ಮಾರೋಕೆ ಬಂದವನನ್ನ ಹೊರಗೆ ಕೂರಿಸಬೇಕು, ಸಂಜೆ ಒಂದೇ ಸಲ ಒಳಗೆ ಬಿಡಬೇಕು. ಮಾರೋನಿಗೂ ತುರ್ತಿಗೂ ಒಂದೇ ಟಿಂಗ್ ಕೊಡಬಾರದು. ಜೀವದ ಎಚ್ಚರಿಕೆಯ ಒಪ್ಪಿಗೆಯನ್ನ ಫೋಟೊ ಗೀಟೊ ಜೊತೆ ಒಂದೇ ಉಸಿರಲ್ಲಿ ಕೇಳಬಾರದು. ನೀವು ಎಲ್ಲ ಮುಚ್ಚೋಕೆ ಹೋದಾಗ, 'ಮಗಳ ಸಕ್ಕರೆ ಎಚ್ಚರಿಕೆಯೂ ನಿಲ್ಲುತ್ತೆ, ಪರವಾಗಿಲ್ವಾ?' ಅಂತ ಒಂದು ಮಾತು ಕೇಳಬೇಕು."

ಮಾಸ್ತರರು ಕನ್ನಡಕ ತೆಗೆದರು. "ಆ ಒಂದು ಮಾತು ಕೇಳಿದ್ದಿದ್ರೆ ನಾನು ಒತ್ತುತ್ತಿರಲಿಲ್ಲ" ಎಂದರು. ನಾದಿನಿಯ ಕಡೆ ತಿರುಗಿ, "ತಪ್ಪಾಯ್ತಮ್ಮ" ಎಂದರು. ಮದುವೆಯಾಗಿ ಈ ಮನೆತನಕ್ಕೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಸೋಮವಾರ ಚಹಾದ ಬಿಡುವಿನಲ್ಲಿ ಮಾಸ್ತರರೇ ಹನ್ನೊಂದು ಫೋನುಗಳನ್ನೂ ಸಾಲಾಗಿ ಕಟಿಂಗ್ ಮೇಜಿನ ಮೇಲೆ ಇರಿಸಿದರು. ಒಬ್ಬೊಬ್ಬರನ್ನೂ ಕೇಳಿದರು, "ನಿನಗೆ ಯಾರದು ಬರಲೇಬೇಕು?" ಒಬ್ಬಳು ಹಾಸಿಗೆ ಹಿಡಿದ ಅತ್ತೆಯ ಹೆಸರು ಹೇಳಿದಳು. ಇನ್ನೊಬ್ಬಳು ತುಂಬಿದ ಬಸುರಿ ತಂಗಿಯ ಹೆಸರು. ಬೆರಳಿಗೆ ಸೂಜಿ ಇಳಿದವಳು, "ನನಗೆ ಯಾರದೂ ಬೇಡ ಮಾಸ್ತರೇ, ನೆಮ್ಮದಿ ಬೇಕು" ಎಂದಳು. ಎಲ್ಲರೂ ನಕ್ಕರು. ಅವಳಿಗೂ ಗಂಡನ ಹೆಸರು ಹಾಕಿಸಿದರು. ಸಕ್ಕರೆಯ ಎಚ್ಚರಿಕೆಗೆ ಬೇರೆ ಯಾವ ಫೋನಿನಲ್ಲೂ ಇಲ್ಲದ ಸದ್ದು ಇಟ್ಟರು. 'ಅಡಚಣೆ ಮಾಡಬೇಡಿ' ಒತ್ತಿದ ಫೋನುಗಳು ಮುಚ್ಚಳವಿಲ್ಲದ ಬುಟ್ಟಿಗೆ ಹೋದವು. ತಗಡಿನ ಡಬ್ಬಿಯೊಳಗೆ ಸಿಗ್ನಲ್ಲೂ ಕುಗ್ಗುತ್ತದೆ ಎಂದು ನರ್ಸ್ ಹೇಳಿದ್ದರು. ಅಂದು ಘಟಕ ಮುಚ್ಚಿದ ಮೇಲೆ ಮಾಸ್ತರರು ಶಾಲೆಗೆ ಹೋಗಿ, ಗಂಟೆಯಮ್ಮನ ಎದುರು ಕೈ ಮುಗಿದು ಬಂದರು.

ಓದುತ್ತಿರುವ ನಿಮಗೆ ಒಂದು ಕೋರಿಕೆ. ಈ ಹಾಳೆ ಪಕ್ಕಕ್ಕಿಟ್ಟ ಕೂಡಲೇ ನಿಮ್ಮ ಫೋನು ತೆಗೆಯಿರಿ. ನಿಮಗೆ ಬರಲೇಬೇಕಾದ ಕರೆ ಯಾರದು, ಎಚ್ಚರಿಕೆ ಯಾವುದು ಎಂದು ಮೊದಲು ಮನಸ್ಸಿನಲ್ಲಿ ಹೇಳಿಕೊಳ್ಳಿ. ಅವಕ್ಕೆ ದಾರಿ ಬಿಡಿ. ಮಾರಾಟದ ಸೂಚನೆ ಬಂದಾಗ ಉಜ್ಜಿ ಅಳಿಸಿದರೆ ಅದು ನಾಳೆ ಮತ್ತೆ ಬರುತ್ತದೆ. ಅದರ ಮೇಲೆ ಬೆರಳು ಒತ್ತಿ ಹಿಡಿದು ನಿಲ್ಲಿಸಿ. ಅನುಮತಿ ಕೇಳಿದಾಗ ಬೇಡ ಎನ್ನುವುದಕ್ಕೂ ಬೇಕು ಎನ್ನುವುದಕ್ಕೂ ಮುಂಚೆ ಓದಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂತು ಮಾಡಿಕೊಡಿ. ಮಾಡಿದ ಮೇಲೆ ಒಮ್ಮೆ ಕರೆ ಮಾಡಿಸಿ ಪರೀಕ್ಷಿಸಿ. ಪರೀಕ್ಷಿಸದ ಎಚ್ಚರಿಕೆಯನ್ನು ನಂಬಬೇಡಿ. ಫೋನಿನ ಸಹಾಯ ವಿಭಾಗದಲ್ಲಿ ಅಭಿಪ್ರಾಯ ಕಳಿಸುವ ಜಾಗವಿದ್ದರೆ ನರ್ಸ್ ಹೇಳಿದ ಮಾತುಗಳನ್ನು ನಿಮ್ಮ ಮಾತಿನಲ್ಲೇ ಬರೆದು ಕಳಿಸಿ. ಬಳಸುವವರು ಕೇಳದಿದ್ದರೆ ತಯಾರಿಸುವವರಿಗೆ ತಿಳಿಯುವುದಿಲ್ಲ. ನಿಮ್ಮ ಮಗುವಿನ ಕಡೆ ಗಮನವಿಡುವ ಯಾರಾದರೂ ಶಾಲೆಯಲ್ಲಿದ್ದರೆ, ತುರ್ತಿನಲ್ಲಿ ಏನು ಮಾಡಬೇಕೆಂದು ಅವರಿಗೆ ಇವತ್ತೇ ಹೇಳಿ ಬನ್ನಿ. ಫೋನು ಕೈಕೊಟ್ಟ ದಿನ ಕೈ ಹಿಡಿಯುವವರು ಅವರೇ.

ಹತ್ತೊಂಬತ್ತು ದಿನಗಳ ನಂತರ, ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ ಬುಟ್ಟಿಯಲ್ಲಿ ಆ ಸದ್ದು ಕೇಳಿಸಿತು. ಹತ್ತು ಹೆಂಗಸರು ಹೊಲಿಯುತ್ತಲೇ ಇದ್ದರು. ಒಬ್ಬಳು ಯಂತ್ರ ನಿಲ್ಲಿಸಿ, ಸೂಜಿ ಮೇಲೆತ್ತಿ, ಶಾಲೆಗೆ ಕರೆ ಮಾಡಿದಳು. ಮಗಳು ಪರೀಕ್ಷೆ ಬರೆಯುತ್ತಿದ್ದಳು, ಅವಳ ಫೋನಿದ್ದ ಬ್ಯಾಗು ಕೋಣೆಯ ಹೊರಗಿತ್ತು. ಸಕ್ಕರೆ 54. ಎರಡು ಗಂಟೆ ಎಂಟು ನಿಮಿಷಕ್ಕೆ ಸಕ್ಕರೆ ನೀರು ಅವಳ ಮೇಜಿಗೆ ಹೋಯಿತು. ಹದಿನೈದು ನಿಮಿಷದ ನಂತರ 83. ಮುಖ್ಯೋಪಾಧ್ಯಾಯಿನಿ ಅವಳಿಗೆ ಇಪ್ಪತ್ತು ನಿಮಿಷ ಹೆಚ್ಚಿಗೆ ಕೊಟ್ಟರು. ಅವಳು ಎಲ್ಲ ಪ್ರಶ್ನೆಗೂ ಉತ್ತರ ಬರೆದು ಹೊರಗೆ ಬಂದಳು.