ರಟ್ಟಿನ ಮೇಲಿನ ನಾಲ್ಕು ಹೆಸರು

ಟಕ್. ಟಕ್. ರಾತ್ರಿ ಎರಡರ ಹೊತ್ತಿಗೆ ಅಣ್ಣನ ಕೋಣೆಯಿಂದ ಬಂದ ಸದ್ದು ಏನೆಂದು ವಿನಿಫ್ರೆಡ್‌ಗೆ ಗೊತ್ತಿತ್ತು. ಹಾಡುಗಳು ಮುಗಿದಿದ್ದವು, ರೆಕಾರ್ಡು ಸುಮ್ಮನೆ ತಿರುಗುತ್ತಿತ್ತು. ಎದ್ದು ಹೋಗಿ ಮುಳ್ಳನ್ನು ಎತ್ತಿಟ್ಟಳು.

“ನೆನಪು ಮಾಡ್ಕೊತಿದ್ದೆ,” ಅಂದ ಥೇಯರ್. “ನಾಳೆ ಬರೋನು ಏನೇನ್ ಕೇಳ್ತಾನೋ.”

“ಕೇಳಿದ್ದಕ್ಕೆ ಹೇಳಿದರಾಯ್ತು. ಮಲಗು.”

ಬೆಳಿಗ್ಗೆ ಹನ್ನೊಂದಕ್ಕೆ ಬಾಸ್ಟನ್ನಿನಿಂದ ಲುಂಡ್ ಬಂದರು. ಹಳೆಯ ಶಾಲಾ ತಂಡಗಳ ರೆಕಾರ್ಡು ಹುಡುಕಿ ಮತ್ತೆ ಹೊರತರುವುದು ಅವರ ಹುಚ್ಚು. ಈ ಸಲ ಅವರಿಗೆ ಸಿಕ್ಕಿದ್ದು ಥೇಯರನ ಶಾಲಾ ತಂಡದ್ದು: ‘ಫ್ರಾಸ್ಟ್ ಬೀಚ್’, 1965. ಮುನ್ನೂರು ಪ್ರತಿ, ಕೊಂಡವರೆಲ್ಲ ತಾಯಂದಿರು. ರೇಡಿಯೋ ಕೇಳಿ ಕಲಿತ, ಹಲಗೆಯ ಮೇಲೆ ನಿಂತು ಕಡಲ ಅಲೆಯೇರುವವರ ಹಾಡುಗಳು. ತಂಡದ ನಾಲ್ವರಲ್ಲಿ ಒಬ್ಬನೂ ಅಲೆ ಏರಿದವನಲ್ಲ. ರಟ್ಟಿನ ಹೊದಿಕೆಯ ಚಿತ್ರದಲ್ಲಿ ನ್ಯೂ ಹ್ಯಾಂಪ್‌ಷೈರಿನ ಮೊಣಕಾಲುದ್ದ ಹಿಮದೊಳಗೆ ಅಮ್ಮನ ಇಸ್ತ್ರಿ ಹಲಗೆ ಹಿಡಿದು ಗಂಭೀರವಾಗಿ ನಿಂತಿದ್ದರು.

ಪೋಷಕರ ದಿನಕ್ಕೆ ಮಾರಬೇಕೆಂದು ಹೊದಿಕೆ ಮೊದಲೇ ಅಚ್ಚಾಗಿತ್ತು: ಡ್ರಮ್ಸ್, ಥೇಯರ್ ಪೆಲ್. ಧ್ವನಿಮುದ್ರಣದ ಭಾನುವಾರ ಅವನು ಮಂಗನಬಾವು ಬಂದು ಶಾಲೆಯ ಆಸ್ಪತ್ರೆಯಲ್ಲಿದ್ದ. ಹುಡುಗರ ಶಾಲೆ, ಗಣಿತದ ಮೇಷ್ಟ್ರ ಮಗಳಾದ್ದರಿಂದ ವಿನಿಫ್ರೆಡ್ ಆವರಣದಲ್ಲೇ ಬೆಳೆದವಳು, ಅಣ್ಣನ ಡ್ರಮ್ಮನ್ನು ಅವನಿಗಿಂತ ಹೆಚ್ಚು ಬಾರಿಸಿದವಳು. ಆಗ ಅವಳಿಗೆ ಹದಿನೈದು ವರ್ಷ. ಕೂದಲನ್ನು ಉಣ್ಣೆಯ ಟೋಪಿಯೊಳಗೆ ತುರುಕಿಕೊಂಡು ಹನ್ನೆರಡು ಹಾಡಿಗೂ ಡ್ರಮ್ಮಿನ ಮುಂದೆ ಅವಳೇ ಕೂತಳು. ಶಾಲೆಗೆ ತಿಳಿದರೆ ಅಪ್ಪನ ಕೆಲಸ ಹೋಗುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಅಪ್ಪ ಈಗಿಲ್ಲ. ಉಳಿದ ಮೂವರೂ ಇಲ್ಲ. ಪಾರ್ಶ್ವವಾಯು ಬಲಭಾಗವನ್ನು ಕೊಂಡೊಯ್ದ ಮೇಲೆ ಥೇಯರನಿಗೆ ಅದು ನೆನಪಿದೆಯೋ ಇಲ್ಲವೋ ಅವಳಿಗೆ ತಿಳಿಯದು. ಇವತ್ತು ಹೇಳಿಬಿಡಬೇಕೆಂದು ಬೆಳಿಗ್ಗೆ ಕನ್ನಡಿಯೆದುರು ವಾಕ್ಯ ಜೋಡಿಸಿದ್ದಳು. ಅದನ್ನು ಬಾರಿಸಿದ್ದು ನಾನು. ಮೂರೇ ಪದ.

“ಎರಡನೇ ಹಾಡಲ್ಲಿ ಕೋಲು ಬೀಳತ್ತಲ್ಲ ಸರ್,” ಅಂದರು ಲುಂಡ್, “ಆದ್ರೂ ತಾಳ ತಪ್ಪಲ್ಲ. ಅದೊಂದನ್ನೇ ಸಾವಿರ ಸಲ ಕೇಳಿದೀನಿ.”

“ಅಯ್ಯೋ, ಕೈ ಬೆವೆತಿತ್ತು,” ಥೇಯರ್ ನಕ್ಕ. “ಎಡಗೈಲೇ ಸುಧಾರಿಸ್ದೆ. ಅಲ್ವೇನೇ ವಿನಿ?”

ಬೆವೆತದ್ದು ನಿಜ. ಆಸ್ಪತ್ರೆಯ ಕಿಟಕಿಯಾಚೆ ನಿಂತು ಅವಳೇ ಅವನಿಗೆ ಹೇಳಿದ್ದಳು.

“ಹೌದು,” ಅಂದಳು. “ಕಾಫಿಗೆ ಸಕ್ಕರೆ ಹಾಕ್ಲಾ?”

“ಮೇಡಂ ಆಗಿಂದ್ಲೇ ನಿಮ್ಮ ಅಭಿಮಾನಿ ಅನ್ಸತ್ತೆ,” ಅಂದರು ಲುಂಡ್.

“ಇವಳಾ? ಸದ್ದು ಅಂತ ಬಾಗಿಲು ಹಾಕ್ಕೋತಿದ್ಲು!”

ಲುಂಡ್ ಮೇಜಿನ ಮೇಲೆ ಫೋನಿಟ್ಟರು. “ಒಂಚೂರು ಬಾರ್ಸಿ ತೋರಿಸ್ತೀರಾ ಸರ್? ಮೇಜಿನ ಮೇಲೇ ಸಾಕು.”

ಥೇಯರನ ಎಡಗೈ ಎದ್ದು ತಡವರಿಸಿತು. ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ಕೈಗವಸಿನಂತೆ ಬಿದ್ದಿತ್ತು. ಗುಂಡಿ ಹಾಕಿಸಿಕೊಳ್ಳಲು ಬಂದ ಮಗುವಿನಂತೆ ಅವನು ಅವಳತ್ತ ನೋಡಿದ.

“ವಿನಿ, ಸ್ವಲ್ಪ ಎತ್ತಿ ಕೊಡೇ.”

ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದಳು. ತಣ್ಣಗಿತ್ತು, ಭಾರವಾಗಿತ್ತು. ಒಮ್ಮೆ ಬಡಿದಳು. ಮತ್ತೊಮ್ಮೆ. ಆಮೇಲೆ ತಾಳ ತಾನಾಗಿ ಬಂತು. ಅವಳು ಬೀಳಿಸಿದಲ್ಲಿ ಅವನ ಬೆರಳುಗಳು ಕರಾರುವಾಕ್ಕಾಗಿ ಬಿದ್ದವು.

ಲುಂಡ್ ಕಣ್ಣು ಮುಚ್ಚಿದ್ದರು. “ನೋಡಿ, ಕೈ ಮರೆಯಲ್ಲ,” ಎಂದು ಪಿಸುಗುಟ್ಟಿದರು.

ಥೇಯರ್ ಅಳುತ್ತಿದ್ದನೋ ನಗುತ್ತಿದ್ದನೋ. ಮುಖದ ಅರ್ಧ ಮಾತ್ರ ಅಲುಗುತ್ತಿತ್ತು.

ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಹಾಡು ಇನ್ನೂ ಅರ್ಧ ಉಳಿದಿತ್ತು. ಜೀವವಿಲ್ಲದ ಆ ಕೈಯನ್ನು ಮತ್ತೆ ಎತ್ತಿದಳು.