ಒಂದೆಲಗದ ಪರೀಕ್ಷೆ

ಹರಪನಹಳ್ಳಿಯ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಕ್ರಾಂತಿ, ಒಂದೆಲಗದ ಸೊಪ್ಪಿನಿಂದ ತೆಗೆದ ಸತ್ವ ನೆನಪಿನ ಶಕ್ತಿ ಹೆಚ್ಚಿಸುತ್ತದೆಯೇ ಎಂದು ಪರೀಕ್ಷಿಸಲು ಹೊರಟಿದ್ದಳು. ಹತ್ತಿರದ ಹಲವಾಗಲು ಗ್ರಾಮದ ನಲವತ್ತು ಮಂದಿ ಹಿರಿಯರು ಒಪ್ಪಿಕೊಂಡಿದ್ದರು. ಅರ್ಧ ಜನಕ್ಕೆ ಸತ್ವದ ಗುಳಿಗೆ, ಉಳಿದವರಿಗೆ ನೋಡಲು ಅಂಥದೇ ಅಕ್ಕಿಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂಬುದು ಅವಳಿಗೂ ತಿಳಿಯದಂತೆ ಮೊಹರು ಮಾಡಿದ ಲಕೋಟೆಯಲ್ಲಿತ್ತು. ಪ್ರತಿ ಸೋಮವಾರ ಸಮುದಾಯ ಭವನದಲ್ಲಿ ಅವಳು ಹದಿನೈದು ಪದ ಓದುವುದು, ಸ್ವಲ್ಪ ಹೊತ್ತಿನ ಮೇಲೆ ಅವರು ನೆನಪಿದ್ದಷ್ಟು ಹೇಳುವುದು.

ಮೊದಲ ವಾರ ಗಾದಿಲಿಂಗಪ್ಪ ನಾಲ್ಕೇ ಪದಕ್ಕೆ ನಿಂತು ತಲೆ ತಗ್ಗಿಸಿದ್ದ. ಐದನೆಯ ವಾರ ಅವನೂ ಸೇರಿ ನಲವತ್ತೂ ಜನ ಹದಿನೈದಕ್ಕೆ ಹದಿನೈದು ಹೇಳಿದರು. ಕ್ರಾಂತಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾರ್ಗದರ್ಶಕ ಪಂಚಾಕ್ಷರಪ್ಪನವರಿಗೆ ಫೋನು ಮಾಡಿದರೆ ಅವರು ಸಾವಧಾನವಾಗಿ, ಅಕ್ಕಿಹಿಟ್ಟು ತಿಂದವರೂ ಜಾಣರಾದರೇನಮ್ಮ ಎಂದರು. ಅವಳ ಸಂಭ್ರಮ ಅಲ್ಲಿಗೇ ಇಳಿಯಿತು.

ಮುಂದಿನ ಸೋಮವಾರ ಬೇಗನೆ ಬಸ್ಸು ಹಿಡಿದಳು. ಭವನದ ಹಿಂದೆ ಬೇವಿನ ನೆರಳಲ್ಲಿ, ಆ ನಲವತ್ತರಲ್ಲೇ ಒಬ್ಬಳಾದ ದ್ಯಾಮಕ್ಕ ಎಲ್ಲರನ್ನೂ ಕೂರಿಸಿಕೊಂಡು ಚಪ್ಪಾಳೆ ತಟ್ಟಿ ಹಾಡಿಸುತ್ತಿದ್ದಳು: ನೇಗಿಲ ಮ್ಯಾಲೆ ಬುಟ್ಟಿಯ ಇಟ್ಟು, ಬುಟ್ಟಿಯ ತುಂಬ ಮಲ್ಲಿಗಿ ಇಟ್ಟು, ಮಲ್ಲಿಗಿ ಮುಡಿದು ಕನ್ನಡಿ ನೋಡಿ... ಎಲ್ಲವೂ ಕ್ರಾಂತಿಯದೇ ಪಟ್ಟಿಯ ಪದಗಳು. ವಾರವಾರವೂ ಅದೇ ಪಟ್ಟಿ ಓದಿದ್ದು ತನ್ನದೇ ತಪ್ಪೆಂದು ಅವಳಿಗೆ ಆಗ ಹೊಳೆಯಿತು.

"ಯಾಕ ಹಿಂಗ ಮಾಡಿದ್ರಿ, ಅಜ್ಜಿ?"

"ಗಾದಿಲಿಂಗಪ್ಪ ತಲಿ ತಗ್ಗಿಸಿದ್ದು ನೋಡಾಕ ಆಗಲಿಲ್ಲವ್ವ. ಅದರ ಮ್ಯಾಲೆ, ನಾವು ಫೇಲಾದ್ರ ನೀನೂ ಫೇಲಾಗ್ತಿ ಅಂತ ಎಲ್ಲಾರೂ ಅಂದ್ರು."

ಕ್ರಾಂತಿ ಸಿಟ್ಟಾಗಬೇಕೆಂದುಕೊಂಡಳು, ನಗು ಬಂತು. ಐದು ವಾರದ ಲೆಕ್ಕವನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಿದಳು. ಈ ಸಲ ವಾರಕ್ಕೊಂದು ಹೊಸ ಪಟ್ಟಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುವುದು. ಮೂರು ತಿಂಗಳಾದ ಮೇಲೆ ಲಕೋಟೆ ಒಡೆದರೆ, ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಂದೆಲಗ ತಿಂದ ಗಾದಿಲಿಂಗಪ್ಪ ನಾಲ್ಕರಿಂದ ಐದಕ್ಕೆ ಏರಿದ್ದ. ಎಲ್ಲರಿಗಿಂತ ಮುಂದೆ, ಹದಿನಾಲ್ಕು ಪದ ಹೇಳಿದ ದ್ಯಾಮಕ್ಕ ತಿಂದದ್ದು ಅಕ್ಕಿಹಿಟ್ಟು. ಕೇಳಿದ ಪದಗಳನ್ನು ಆಗಲೇ ಹಾಡು ಕಟ್ಟಿ ಮನಸ್ಸಿನೊಳಗೇ ಗುನುಗಿಕೊಂಡಳಂತೆ.

ಕ್ರಾಂತಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಪಂಚಾಕ್ಷರಪ್ಪನವರು ಓದಿ, ಮುಂದೇನು ಎಂದು ಕೇಳಿದರು. ಹಾಡು ಕಟ್ಟಿ ಕಲಿತರೆ ನೆನಪು ಎಷ್ಟು ನಿಲ್ಲುತ್ತದೆಂದು ನೋಡುವುದಾಗಿ ಹೇಳಿ, ಅವಳು ಮತ್ತೆ ಹಲವಾಗಲಿಗೆ ಹೋದಳು. ದ್ಯಾಮಕ್ಕ ಎಲ್ಲ ಕೇಳಿಸಿಕೊಂಡು, ಕಲಿಸಲು ಒಪ್ಪಿ, ಒಂದೇ ಕರಾರು ಹಾಕಿದಳು.

"ಪಟ್ಟಿ ಬರಿಯೂಮುಂದ ನನ್ನ ಒಂದ್ ಮಾತು ಕೇಳವ್ವ. ಸ್ಟೂಲು, ಬಕೀಟು ಅಂಥವೆಲ್ಲ ರಾಗಕ್ಕ ಕೂಡೂದಿಲ್ಲ."